ಮುದ್ದೆಗೆ ತಕ್ಕ ಸಾರು: ಪ್ರೋಟೀನ್, ಕ್ಯಾಲ್ಸಿಯಂ ಮತ್ತು ನಮ್ಮ ಮೂಳೆ



ಈ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದಿದ್ದೀರಿ. ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಸಮಿತಿ ನನಗೇ ಬಿಟ್ಟಿತ್ತು. ಬೆಂಗಳೂರಿನ ಈ ಉತ್ತರ ಭಾಗ ನೂರಕ್ಕೂ ಹೆಚ್ಚು ವರ್ಷಗಳಿಂದ ಬೆಳೆ, ದನಕರು ಮತ್ತು ಆಹಾರದ ಸಂಶೋಧನೆಗೆ ನೆಲೆ ಕೊಟ್ಟ ಜಾಗ. ಹಾಗಾಗಿ ಇಲ್ಲಿನ ಹೊಲಕ್ಕೂ ಅಡುಗೆಮನೆಗೂ ಆಸ್ಪತ್ರೆಗೂ ಸೇರಿದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುವುದು ಸೂಕ್ತವೆನಿಸಿತು. ನಾವು ತಿನ್ನುವ ಪ್ರೋಟೀನಿಗೂ ಮೂಳೆಯ ಆರೋಗ್ಯಕ್ಕೂ ಏನು ಸಂಬಂಧ? ಪ್ರೋಟೀನ್ ಕ್ಯಾಲ್ಸಿಯಂ ಅನ್ನು ಉಳಿಸುತ್ತದೆಯೇ, ಕಳೆಯುತ್ತದೆಯೇ?

ಈ ಪ್ರಶ್ನೆಗೆ ಊರಲ್ಲಿ ಎರಡು ಉತ್ತರಗಳು ಓಡಾಡುತ್ತಿವೆ. ಪ್ರೋಟೀನ್ ಜಾಸ್ತಿಯಾದರೆ ರಕ್ತ ಆಮ್ಲೀಯವಾಗಿ ಮೂಳೆ ಕರಗುತ್ತದೆ ಎಂಬುದು ಒಂದು. ಅರವತ್ತು ದಾಟಿದ ಅನೇಕರು ಇದನ್ನು ನಂಬಿ ಬೇಳೆಕಾಳಿಗೂ ಹೆದರುತ್ತಾರೆ. ಡಬ್ಬಿಯ ಪುಡಿ ಕಲಸಿ ಕುಡಿದರೆ ಮೈಯೂ ಮೂಳೆಯೂ ತಾನಾಗಿ ಗಟ್ಟಿಯಾಗುತ್ತವೆ ಎಂಬುದು ಇನ್ನೊಂದು. ಇದು ಜಿಮ್‌ಗೆ ಹೋಗುವ ಯುವಕರ ನಂಬಿಕೆ. ಎರಡೂ ಅರ್ಧಂಬರ್ಧ ಮಾತುಗಳು. ನನ್ನ ನಿಲುವನ್ನು ಆರಂಭದಲ್ಲೇ ತಿಳಿಸಿಬಿಡುತ್ತೇನೆ. ಮೂಳೆಗೆ ಪ್ರೋಟೀನೂ ಕ್ಯಾಲ್ಸಿಯಮ್ಮೂ ಜೊತೆಯಾಗಿ ಬೇಕು. ಒಂದು ಸೊರಗಿದರೆ ಇನ್ನೊಂದರ ಕೆಲಸ ಕೆಡುತ್ತದೆ. ನಮ್ಮ ಭಾಗದ ಹಳೆಯ ಊಟದಲ್ಲಿ ಈ ಜೋಡಿ ಇತ್ತು. ಇಂದು, ಅದರಲ್ಲೂ ವಯಸ್ಸಾದ ಹೆಂಗಸರ ತಟ್ಟೆಯಲ್ಲಿ, ಅದು ತಪ್ಪುತ್ತಿದೆ.

ಉಪನ್ಯಾಸವನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೂಳೆ ಎಂದರೇನು, ಕ್ಯಾಲ್ಸಿಯಂ ಮೈಯಲ್ಲಿ ಹೇಗೆ ಓಡಾಡುತ್ತದೆ ಎಂಬುದು ಮೊದಲನೆಯದು. ಪ್ರೋಟೀನಿನ ಮೇಲೆ ಬಂದ ಆಪಾದನೆ, ಅದರ ವಿಚಾರಣೆ ಎರಡನೆಯದು. ನಮ್ಮ ನಾಡಿನಲ್ಲೇ ನಡೆದ ಕೆಲಸ ಮೂರನೆಯದು. ಕೊನೆಯದಾಗಿ, ನಮ್ಮ ತಟ್ಟೆಯ ಲೆಕ್ಕ.

ಮೊದಲ ಭಾಗಕ್ಕೆ ಬರೋಣ.

ಮೂಳೆ ಎಂದೊಡನೆ ನಮಗೆ ಹೊಳೆಯುವುದು ಸುಣ್ಣದಂಶ. ಆದರೆ ಕೋಳಿಯ ಒಂದು ತೊಡೆಮೂಳೆಯನ್ನು ಕೆಲವು ದಿನ ವಿನಿಗರ್‌ನಲ್ಲಿ ನೆನೆಹಾಕಿ ನೋಡಿ. ಸುಣ್ಣದಂಶ ಕರಗಿಹೋಗುತ್ತದೆ, ಉಳಿದದ್ದನ್ನು ಬೆರಳಲ್ಲಿ ಹಿಡಿದು ಬಗ್ಗಿಸಬಹುದು. ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಸುಡಿ. ಈಗ ಸುಣ್ಣದಂಶ ಉಳಿದಿದೆ, ಆಕಾರವೂ ಹಾಗೇ ಇದೆ. ಒತ್ತಿದರೆ ಮಾತ್ರ ಪುಡಿಪುಡಿ. ಸುಟ್ಟುಹೋದ ಭಾಗವೇ ಪ್ರೋಟೀನ್. ಮೂಳೆಯ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು, ಗಾತ್ರದಲ್ಲಿ ಹತ್ತಿರಹತ್ತಿರ ಅರ್ಧ ಪಾಲು ಈ ಪ್ರೋಟೀನ್ ಹಂದರದ್ದು. ಅದರಲ್ಲಿ ಬಹುಪಾಲು ಕೊಲಾಜೆನ್ ಎಂಬ ಎಳೆ. ಈ ಎಳೆಗಳ ಮೇಲೆ ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ ಹರಳುಗಳು ಕೂತಿರುತ್ತವೆ. ಹರಳು ಗಡಸುತನ ಕೊಡುತ್ತದೆ, ಎಳೆ ಮುರಿಯದ ಬಿಗಿ ಕೊಡುತ್ತದೆ.

ಮೂಳೆ ಒಮ್ಮೆ ಕಟ್ಟಿ ಮುಗಿಯುವ ವಸ್ತುವೂ ಅಲ್ಲ. ಒಂದು ಬಗೆಯ ಕೋಶಗಳು ಹಳೆಯ ಮೂಳೆಯನ್ನು ಕೊರೆದು ತೆಗೆಯುತ್ತಿರುತ್ತವೆ, ಇನ್ನೊಂದು ಬಗೆಯವು ಹೊಸದನ್ನು ತುಂಬುತ್ತಿರುತ್ತವೆ. ವಯಸ್ಕರಲ್ಲಿ ವರ್ಷಕ್ಕೆ ಅಸ್ಥಿಪಂಜರದ ಸುಮಾರು ಶೇ. 10ರಷ್ಟು ಹೀಗೆ ಹೊಸದಾಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೊರೆದು ತೆಗೆದ ಕ್ಯಾಲ್ಸಿಯಂ ಅನ್ನು ಮೈ ಮತ್ತೆ ಬಳಸಬಲ್ಲದು. ಆದರೆ ಒಡೆದ ಕೊಲಾಜೆನ್‌ನ ಒಂದು ಭಾಗ, ಅದರ ಅಮೈನೋ ಆಮ್ಲಗಳ ರಚನೆಯೇ ಬದಲಾಗಿರುವುದರಿಂದ, ಮತ್ತೆ ಕೆಲಸಕ್ಕೆ ಬರುವುದಿಲ್ಲ, ಮೂತ್ರದಲ್ಲಿ ಹೊರಟುಹೋಗುತ್ತದೆ. ಹಾಗಾಗಿ ಹೊಸ ಎಳೆ ನೇಯಲು ಊಟದಿಂದ ಪ್ರೋಟೀನ್ ಬರುತ್ತಲೇ ಇರಬೇಕು.

ಇನ್ನು ಕ್ಯಾಲ್ಸಿಯಂ. ವಯಸ್ಕರ ಮೈಯಲ್ಲಿ ಸುಮಾರು 1 ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಶೇ. 99 ಮೂಳೆ ಮತ್ತು ಹಲ್ಲುಗಳಲ್ಲಿದೆ. ಉಳಿದ ಅಲ್ಪ ಪಾಲಿನಿಂದಲೇ ಹೃದಯ ಬಡಿಯಬೇಕು, ಸ್ನಾಯು ಸೆಳೆಯಬೇಕು, ನರ ಸಂದೇಶ ಒಯ್ಯಬೇಕು, ರಕ್ತ ಹೆಪ್ಪುಗಟ್ಟಬೇಕು. ಅದಕ್ಕೇ ರಕ್ತದ ಕ್ಯಾಲ್ಸಿಯಂ ಅನ್ನು ಮೈ ಬಹಳ ಬಿಗಿಯಾಗಿ ಕಾಯುತ್ತದೆ. 100 ಮಿಲಿಲೀಟರ್‌ಗೆ ಸುಮಾರು 9ರಿಂದ 10 ಮಿಲಿಗ್ರಾಂ ಆಸುಪಾಸಿನಲ್ಲೇ ಇಡುತ್ತದೆ. ಅದು ತುಸು ಇಳಿದರೂ ಕುತ್ತಿಗೆಯ ಥೈರಾಯ್ಡ್ ಹಿಂದಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನ್ ಸುರಿಸುತ್ತವೆ. ಆ ಹಾರ್ಮೋನ್ ಮೂತ್ರದಲ್ಲಿ ಹೋಗುವ ಕ್ಯಾಲ್ಸಿಯಂ ಅನ್ನು ತಡೆಯುತ್ತದೆ, ಮೂತ್ರಪಿಂಡದಲ್ಲಿ ಡಿ ಜೀವಸತ್ವವನ್ನು ಚುರುಕುಗೊಳಿಸಿ ಕರುಳು ಹೆಚ್ಚು ಹೀರುವಂತೆ ಮಾಡುತ್ತದೆ. ಇಷ್ಟಾದರೂ ಸಾಲದಿದ್ದರೆ ಮೂಳೆಗೆ ಕೈಹಾಕುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದವರ ರಕ್ತಪರೀಕ್ಷೆ ಎಷ್ಟೋ ಸಲ ಸರಿಯಾಗಿಯೇ ಕಾಣುವುದು ಇದರಿಂದ. ಕೊರತೆಯನ್ನು ಮೂಳೆ ಸದ್ದಿಲ್ಲದೆ ತುಂಬಿಕೊಟ್ಟಿರುತ್ತದೆ.

ಈ ವ್ಯವಸ್ಥೆಯ ಒಳಗೂ ಪ್ರೋಟೀನ್ ಕೆಲಸ ಮಾಡುತ್ತದೆ. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಶೇ. 40 ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡೇ ಓಡಾಡುತ್ತದೆ. ಕ್ಯಾಲ್ಸಿಯಂ ವರದಿ ನೋಡುವಾಗ ವೈದ್ಯರು ಆಲ್ಬುಮಿನ್ ಎಷ್ಟಿದೆ ಎಂದು ಕೇಳುವುದು ಅದಕ್ಕೇ. ಊಟದಲ್ಲಿ ಪ್ರೋಟೀನ್ ಸಾಕಷ್ಟಿದ್ದರೆ ಯಕೃತ್ತು ಐಜಿಎಫ್-1 ಎಂಬ ಬೆಳವಣಿಗೆಯ ಅಂಶವನ್ನು ಹೆಚ್ಚು ತಯಾರಿಸುತ್ತದೆ. ಮೂಳೆ ಕಟ್ಟುವ ಕೋಶಗಳಿಗೆ ಅದು ಬೇಕು. ಇನ್ನು ಸ್ನಾಯುವನ್ನು ಮರೆಯುವ ಹಾಗಿಲ್ಲ. ಸ್ನಾಯು ಎಳೆದಷ್ಟೂ ಮೂಳೆ ಗಟ್ಟಿಯಾಗುತ್ತದೆ. ತೊಡೆಯಲ್ಲಿ ಕಸುವಿದ್ದರೆ ಬಚ್ಚಲಲ್ಲಿ ಕಾಲು ಜಾರಿದಾಗ ಸಾವರಿಸಿಕೊಳ್ಳಬಹುದು. ಸೊಂಟದ ಮೂಳೆ ಮುರಿಯುವುದಕ್ಕೆ ಮೂಳೆಯ ಸವೆತ ಎಷ್ಟು ಕಾರಣವೋ ಬೀಳುವುದೂ ಅಷ್ಟೇ ಕಾರಣ.

ಹಾಗಾದರೆ ಇಷ್ಟು ಬೇಕಾದ ಪ್ರೋಟೀನಿನ ಮೇಲೆ ಆಪಾದನೆ ಬಂದದ್ದು ಹೇಗೆ? ಇದು ಎರಡನೆಯ ಭಾಗ.

1920ರಲ್ಲೇ ಅಮೆರಿಕದ ಪೋಷಣ ವಿಜ್ಞಾನಿ ಎಚ್.ಸಿ. ಶೆರ್ಮನ್, ಊಟಕ್ಕೆ ಮಾಂಸ ಸೇರಿಸಿದಾಗ ಮೂತ್ರದಲ್ಲಿ ಹೋಗುವ ಕ್ಯಾಲ್ಸಿಯಂ ಹೆಚ್ಚುವುದನ್ನು ಗುರುತಿಸಿದ್ದರು. ಮುಂದೆ ನಡೆದ ಅನೇಕ ಪ್ರಯೋಗಗಳಲ್ಲೂ ಇದೇ ಕಂಡಿತು. ಸರಿಸುಮಾರಾಗಿ ಹೇಳುವುದಾದರೆ, 1 ಗ್ರಾಂ ಪ್ರೋಟೀನ್ ಹೆಚ್ಚಿಸಿದರೆ 1 ಮಿಲಿಗ್ರಾಂ ಕ್ಯಾಲ್ಸಿಯಂ ಮೂತ್ರದಲ್ಲಿ ಹೆಚ್ಚುತ್ತದೆ. 1968ರಲ್ಲಿ ವಾಕ್ಮನ್ ಮತ್ತು ಬರ್ನ್‌ಸ್ಟೈನ್ ಎಂಬ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದಕ್ಕೊಂದು ಕಾರಣ ಸೂಚಿಸಿದರು. ಪ್ರೋಟೀನಿನಲ್ಲಿರುವ ಗಂಧಕಯುತ ಅಮೈನೋ ಆಮ್ಲಗಳು ಒಡೆದಾಗ ಆಮ್ಲ ಹುಟ್ಟುತ್ತದೆ. ಅದನ್ನು ತಣಿಸಲು ಮೂಳೆಯ ಕ್ಷಾರ ಖರ್ಚಾಗುತ್ತದೆ. ಜೀವಮಾನವಿಡೀ ಹೀಗಾದರೆ ಮೂಳೆ ಸವೆಯುತ್ತದೆ ಎಂಬುದು ಅವರ ತರ್ಕ. ಮಾಂಸಾಹಾರ ಹೆಚ್ಚಿರುವ ಶ್ರೀಮಂತ ದೇಶಗಳಲ್ಲೇ ಸೊಂಟದ ಮೂಳೆ ಮುರಿತವೂ ಹೆಚ್ಚು ಎಂದು ದೇಶದೇಶಗಳ ಹೋಲಿಕೆ ತೋರಿಸಿದಾಗ ಈ ವಾದಕ್ಕೆ ಬಲ ಬಂತು.

ಈ ತರ್ಕ ಪೂರ್ತಿ ಆಧಾರವಿಲ್ಲದ್ದು ಎಂದು ಹೇಳಲಾರೆ. ಅದಕ್ಕೆ ಸಾಕ್ಷಿ ನಮ್ಮ ಹಟ್ಟಿಯಲ್ಲೇ ಇದೆ. ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಕೂಡಲೇ ಕೆಲವೊಮ್ಮೆ ಎದ್ದು ನಿಲ್ಲಲಾರದೆ ಕುಸಿಯುವುದನ್ನು ಯಲಹಂಕ, ದೊಡ್ಡಬಳ್ಳಾಪುರ ಕಡೆಯ ರೈತರು ಕಂಡಿರುತ್ತಾರೆ. ಹಾಲುಜ್ವರ ಎನ್ನುತ್ತೇವೆ. ಜ್ವರವೇನೂ ಇರುವುದಿಲ್ಲ, ಕ್ಯಾಲ್ಸಿಯಂ ಒಮ್ಮೆಲೇ ಹಾಲಿಗೆ ಹರಿದು ರಕ್ತದಲ್ಲಿ ಕುಸಿದಿರುತ್ತದೆ. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಇದರ ತಡೆಗಟ್ಟುವಿಕೆಯನ್ನು ಪಾಠವಾಗಿ ಓದುತ್ತಾರೆ. ಕರು ಹಾಕುವ ಕೆಲವು ವಾರ ಮೊದಲು ಮೇವಿನಲ್ಲಿ ಆಮ್ಲಕಾರಕ ಲವಣಗಳನ್ನು ಕೊಟ್ಟರೆ, ಹಸುವಿನ ಮೂಳೆ ಕ್ಯಾಲ್ಸಿಯಂ ಬಿಟ್ಟುಕೊಡಲು ಸಿದ್ಧವಾಗಿರುತ್ತದೆ. ಅಂದರೆ ಆಮ್ಲದ ಹೊರೆ ಕ್ಯಾಲ್ಸಿಯಂ ಅನ್ನು ಅಲುಗಾಡಿಸಬಲ್ಲದು ಎಂಬುದು ನಿಜ. ಆದರೆ ಬೇಕೆಂದೇ ಕೊಟ್ಟ ಆಮ್ಲಕಾರಕ ಲವಣದ ಮಾತು ಬೇರೆ. ಬೇಳೆ, ಹಾಲು, ಮೊಟ್ಟೆ, ಮಾಂಸಗಳ ಮೂಲಕ ಬರುವ ಪ್ರೋಟೀನಿನ ಮಾತು ಬೇರೆ. ಆಮ್ಲದ ಜೊತೆಗೆ ಅವು ಇನ್ನೂ ಏನೇನನ್ನು ತರುತ್ತವೆ ಎಂದು ನೋಡಬೇಕು.

ಹಾಗೆ ನೋಡಿದ್ದು ಇತ್ತೀಚಿನ ದಶಕಗಳಲ್ಲಿ. ಮೂತ್ರದಲ್ಲಿ ಹೆಚ್ಚಿದ ಆ ಕ್ಯಾಲ್ಸಿಯಂ ಎಲ್ಲಿಂದ ಬಂತು? ಮೂಳೆಯಿಂದಲೇ ಎಂದು ಎಲ್ಲರೂ ಊಹಿಸಿದ್ದರು. 2005ರಲ್ಲಿ ಅಮೆರಿಕದ ಜೇನ್ ಕೆರ್ಸ್ಟೆಟರ್ ಮತ್ತು ಸಂಗಡಿಗರು, ಗುರುತು ಹಿಡಿಯಬಹುದಾದ ಕ್ಯಾಲ್ಸಿಯಂ ಐಸೊಟೋಪ್‌ಗಳನ್ನು ಕೊಟ್ಟು ಇದನ್ನು ಅಳೆದರು. ಕಿಲೋ ದೇಹತೂಕಕ್ಕೆ 1 ಗ್ರಾಂ ಇದ್ದ ಪ್ರೋಟೀನನ್ನು 2.1 ಗ್ರಾಂಗೆ ಏರಿಸಿದಾಗ ಮೂತ್ರದ ಕ್ಯಾಲ್ಸಿಯಂ ಹೆಚ್ಚಿತು, ನಿಜ. ಅದೇ ಹೊತ್ತಿಗೆ ಕರುಳು ಹೀರಿಕೊಂಡ ಪಾಲು ಸುಮಾರು ಶೇ. 18ರಿಂದ ಶೇ. 26ಕ್ಕೆ ಏರಿತ್ತು. ಹೊರಗೆ ಹೋದ ಹೆಚ್ಚುವರಿಯ ಬಹುಪಾಲು ಒಳಗೆ ಬಂದ ಹೆಚ್ಚುವರಿಯೇ ಆಗಿತ್ತು. ಮೂಳೆ ಕರಗಿದ ಸುಳಿವು ಸಿಗಲಿಲ್ಲ. ಅದೇ ತಂಡದ ಇನ್ನೊಂದು ಪ್ರಯೋಗದಲ್ಲಿ ಪ್ರೋಟೀನನ್ನು ಕಿಲೋಗೆ 0.7 ಗ್ರಾಂಗೆ ಇಳಿಸಿದಾಗ ಕರುಳಿನ ಹೀರಿಕೆ ಕುಗ್ಗಿ, ಪ್ಯಾರಾಥೈರಾಯ್ಡ್ ಹಾರ್ಮೋನ್ ಕೆಲವೇ ದಿನಗಳಲ್ಲಿ ಏರಿತು. ಆ ಹಾರ್ಮೋನ್ ಏರಿದರೆ ಮೂಳೆಗೆ ಏನಾಗುತ್ತದೆ ಎಂಬುದನ್ನು ಈಗಷ್ಟೇ ನೋಡಿದ್ದೇವೆ.

ಪ್ರಯೋಗಶಾಲೆಯ ಈ ಮಾತು ಜನರ ಬದುಕಿನಲ್ಲೂ ಹೊಂದಿಕೊಂಡಿತೇ? 2000ದಲ್ಲಿ ಪ್ರಕಟವಾದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ ವೃದ್ಧರನ್ನು ನಾಲ್ಕು ವರ್ಷ ಹಿಂಬಾಲಿಸಿ ನೋಡಿದರು. ಅತಿ ಕಡಿಮೆ ಪ್ರೋಟೀನ್ ತಿನ್ನುತ್ತಿದ್ದವರಲ್ಲೇ ಸೊಂಟ ಮತ್ತು ಬೆನ್ನಿನ ಮೂಳೆ ಹೆಚ್ಚು ಸವೆದಿತ್ತು. ಜಿನೀವಾದಲ್ಲಿ ಸೊಂಟದ ಮೂಳೆ ಮುರಿದುಕೊಂಡ ವೃದ್ಧರಿಗೆ ಆರು ತಿಂಗಳು 20 ಗ್ರಾಂ ಹೆಚ್ಚುವರಿ ಪ್ರೋಟೀನ್ ಕೊಟ್ಟರು. ಎರಡೂ ಗುಂಪಿಗೆ ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವ ಸಮನಾಗಿ ಸಿಕ್ಕಿತ್ತು. ಪ್ರೋಟೀನ್ ಸಿಕ್ಕವರ ಪುನಶ್ಚೇತನ ಆಸ್ಪತ್ರೆಯ ವಾಸ 33 ದಿನಕ್ಕೆ ಮುಗಿದರೆ, ಸಿಗದವರದ್ದು 54 ದಿನ ಹಿಡಿಯಿತು. ಈ ವರದಿ ಬಂದದ್ದು 1998ರಲ್ಲಿ.

ನನ್ನ ವಾದಕ್ಕೆ ಮುಖ್ಯವಾದ ಅಧ್ಯಯನ ಮತ್ತೊಂದಿದೆ. 2002ರಲ್ಲಿ ಬೆಸ್ ಡಾಸನ್-ಹ್ಯೂಸ್ ಮತ್ತು ಸುಸಾನ್ ಹ್ಯಾರಿಸ್, 65 ದಾಟಿದವರ ಮೂರು ವರ್ಷಗಳ ಮಾಹಿತಿಯನ್ನು ಪರಿಶೀಲಿಸಿದರು. ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಮಾತ್ರೆ ಸೇವಿಸುತ್ತಿದ್ದವರಲ್ಲಿ, ಪ್ರೋಟೀನ್ ಹೆಚ್ಚಿದಷ್ಟೂ ಮೂಳೆಯ ಸಾಂದ್ರತೆ ಸುಧಾರಿಸಿತು. ಮಾತ್ರೆ ಸಿಗದ ಗುಂಪಿನಲ್ಲಿ ಪ್ರೋಟೀನಿನಿಂದ ಆ ಲಾಭ ಕಾಣಲಿಲ್ಲ. 2021ರಲ್ಲಿ ಆಸ್ಟ್ರೇಲಿಯಾದ 60 ವೃದ್ಧಾಶ್ರಮಗಳ ಸುಮಾರು 7,000 ಮಂದಿಯ ಮೇಲೆ ನಡೆದ ಪ್ರಯೋಗ ಇದನ್ನು ದೊಡ್ಡ ಪ್ರಮಾಣದಲ್ಲಿ ಸಾರಿತು. ಅರ್ಧದಷ್ಟು ಆಶ್ರಮಗಳಲ್ಲಿ ಹಾಲು, ಮೊಸರು, ಚೀಸ್ ಹೆಚ್ಚಿಸಿ, ದಿನದ ಕ್ಯಾಲ್ಸಿಯಂ ಅನ್ನು ಸುಮಾರು 1,100 ಮಿಲಿಗ್ರಾಂಗೆ, ಪ್ರೋಟೀನನ್ನು ಕಿಲೋಗೆ 1.1 ಗ್ರಾಂಗೆ ತಂದರು. ಎರಡು ವರ್ಷಗಳಲ್ಲಿ ಸೊಂಟದ ಮೂಳೆ ಮುರಿತ ಶೇ. 46ರಷ್ಟು ಕಡಿಮೆಯಾಯಿತು. ಔಷಧಿ ಕೊಟ್ಟಿರಲಿಲ್ಲ; ಅಡುಗೆಮನೆಯ ಪಟ್ಟಿ ಬದಲಾಗಿತ್ತು, ಅಷ್ಟೇ.

ಈ ಭಾಗದ ತೀರ್ಮಾನವನ್ನು ಹೀಗೆ ಸಂಗ್ರಹಿಸುತ್ತೇನೆ. ಸಾಮಾನ್ಯ ಪ್ರಮಾಣದ ಪ್ರೋಟೀನ್ ಮೂಳೆಯನ್ನು ಕರಗಿಸುತ್ತದೆ ಎಂಬ ಆಪಾದನೆ ನಿಲ್ಲಲಿಲ್ಲ. ಕ್ಯಾಲ್ಸಿಯಂ ಸಾಲದ ಕಡೆ ಪ್ರೋಟೀನ್ ಒಂದೇ ಪವಾಡ ಮಾಡುತ್ತದೆ ಎಂಬುದಕ್ಕೂ ಆಧಾರ ಸಿಗಲಿಲ್ಲ. ಜೊತೆಯಾಗಿ ಬಂದಾಗ ಎರಡೂ ಫಲ ಕೊಟ್ಟವು. ಇನ್ನೊಂದು ಮಾತನ್ನೂ ಸೇರಿಸಬೇಕು: ಆಪಾದನೆ ಹುಟ್ಟಿದ್ದು ಮಾಂಸದ ಊಟ ಹೆಚ್ಚಾದ ಸಮಾಜಗಳಲ್ಲಿ. ಅದನ್ನು ಬೇಳೆಗೂ ಲೆಕ್ಕ ಹಾಕುವ ನಮ್ಮ ಅಡುಗೆಮನೆಗೆ ಹಾಗೇ ತಂದು ಹೇರಿದ್ದು ಸರಿಯಾಗಲಿಲ್ಲ.

ಈಗ ಮೂರನೆಯ ಭಾಗ: ನಮ್ಮ ನಾಡಿನ ಕೆಲಸ. ಇದರ ಬಗ್ಗೆ ತುಸು ವಿಸ್ತಾರವಾಗಿ ಹೇಳಲು ಅಪ್ಪಣೆ ಕೊಡಬೇಕು. ನಮ್ಮ ಮನೆಯ ಪಕ್ಕದಲ್ಲೇ ನಡೆದದ್ದು ನಮಗೆ ಗೊತ್ತಿರುವುದು ಕಡಿಮೆ.

ಯಶವಂತಪುರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಾವೀಗ ಬಾಹ್ಯಾಕಾಶ, ಕಂಪ್ಯೂಟರ್‌ಗಳ ಜೊತೆ ಸೇರಿಸಿ ನೆನೆಯುತ್ತೇವೆ. ಅದೇ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ 1928ರಲ್ಲಿ ಎನ್. ನಾರಾಯಣ ಮತ್ತು ಆರ್.ವಿ. ನಾರಿಸ್ ರಾಗಿಯಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿ ಅಧ್ಯಯನ ಮಾಡಿದರು. ರಾಗಿಯ ಸಸ್ಯಶಾಸ್ತ್ರೀಯ ಹೆಸರಿನಿಂದಲೇ ಅದನ್ನು ಎಲ್ಯುಸಿನಿನ್ ಎಂದು ಕರೆದರು. ಭಾರತೀಯ ಆಹಾರಗಳ ಪ್ರೋಟೀನ್ ಕುರಿತ ಲೇಖನಮಾಲೆಯ ಮೊದಲ ಕಂತಿಗೆ ಅವರು ಆರಿಸಿಕೊಂಡದ್ದು ಅಕ್ಕಿಯಲ್ಲ, ಗೋಧಿಯಲ್ಲ, ರಾಗಿ. ಅದೇ ವಿಭಾಗದ ಪ್ರಾಧ್ಯಾಪಕರಾಗಿದ್ದ ವಿ. ಸುಬ್ರಹ್ಮಣ್ಯನ್ ಮುಂದೆ ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಬಾಗಿಲು ತೆರೆದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐನ ಮೊದಲ ನಿರ್ದೇಶಕರಾದರು.

ಸುಬ್ರಹ್ಮಣ್ಯನ್, ಎಂ. ಸ್ವಾಮಿನಾಥನ್ ಮತ್ತು ಸಂಗಡಿಗರು ಅಲ್ಲಿಂದ 1959ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇವತ್ತಿನ ವಿಷಯಕ್ಕೆ ನೇರವಾಗಿ ತಾಕುತ್ತದೆ. ಬಡವರ ಸಸ್ಯಾಹಾರದಲ್ಲಿ ಅಕ್ಕಿಯ ಒಂದು ಪಾಲನ್ನು, ಆಮೇಲೆ ಪೂರ್ತಿ ಅಕ್ಕಿಯನ್ನು ತೆಗೆದು ರಾಗಿ ಕೊಟ್ಟರೆ ಪೋಷಣೆ ಸಾಲದ ಮಕ್ಕಳ ಮೈಯಲ್ಲಿ ಸಾರಜನಕ, ಕ್ಯಾಲ್ಸಿಯಂ, ರಂಜಕ ಎಷ್ಟೆಷ್ಟು ಉಳಿಯುತ್ತವೆ? ಮಕ್ಕಳು ತಿಂದದ್ದನ್ನೂ ಮಲಮೂತ್ರದಲ್ಲಿ ಹೋದದ್ದನ್ನೂ ಅಳೆದು, ಎರಡರ ವ್ಯತ್ಯಾಸದಿಂದ ಲೆಕ್ಕ ಹಿಡಿದರು. ಇಲ್ಲಿ ಸಾರಜನಕವೆಂದರೆ ಪ್ರೋಟೀನಿನ ಅಳತೆ. ರಾಗಿ ಬಂದಾಗ ಮೈಯಲ್ಲಿ ಉಳಿದ ಕ್ಯಾಲ್ಸಿಯಂ ಹೆಚ್ಚಿತು. ಪ್ರೋಟೀನಿನ ಕಡೆ ಮಾತ್ರ ಅಂಥ ಲಾಭ ಕಾಣಲಿಲ್ಲ.

ಯಾಕೆ? ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಪಟ್ಟಿಯನ್ನು ನೋಡಿ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಇರುವುದು ಏಳೆಂಟು ಮಿಲಿಗ್ರಾಂ. ಇಲ್ಲಿ ರಾಗಿಗೆ ಸಾಟಿಯಿಲ್ಲ. ಪ್ರೋಟೀನಿನ ಸಾಲಿಗೆ ಬನ್ನಿ: ರಾಗಿಯಲ್ಲಿ ಸುಮಾರು 7 ಗ್ರಾಂ, ಅಕ್ಕಿಯಲ್ಲಿ ಸುಮಾರು 8 ಗ್ರಾಂ. ರಾಗಿಯ ಮೇಲಿನ ಅಭಿಮಾನದಲ್ಲಿ ಈ ಸಾಲನ್ನು ನಾವು ಓದುವುದೇ ಇಲ್ಲ. ಜೊತೆಗೆ ರಾಗಿಯ ಪ್ರೋಟೀನ್ ಜೀರ್ಣವಾಗುವುದೂ ಸ್ವಲ್ಪ ಕಷ್ಟ. ಅದರ ಹೊಟ್ಟಿನಲ್ಲಿರುವ ಟ್ಯಾನಿನ್ ಪ್ರೋಟೀನನ್ನು ಹಿಡಿದಿಡುತ್ತದೆ, ಫೈಟೇಟ್ ಕ್ಯಾಲ್ಸಿಯಮ್ಮಿನ ಒಂದು ಪಾಲನ್ನು ಕಟ್ಟಿಹಾಕುತ್ತದೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹುರಿದು ಹಿಟ್ಟು ಮಾಡಿದರೆ ಈ ತಡೆಗಳು ಕಡಿಮೆಯಾಗುತ್ತವೆ. ಮಗುವಿಗೆ ಮೊಳಕೆ ರಾಗಿಯ ಸರಿ ಮಾಡಿಕೊಡುವ ನಮ್ಮ ಮನೆಗಳ ರೂಢಿಗೆ ಇಷ್ಟು ಗಟ್ಟಿ ಕಾರಣವಿದೆ.

ಇನ್ನೊಂದು ಕೊರತೆ ಗುಣದ್ದು. ರಾಗಿ, ಅಕ್ಕಿ, ಗೋಧಿ ಎಲ್ಲದರಲ್ಲೂ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಒಂದು ಕಾಲಕ್ಕೆ ವಯಸ್ಕರಿಗೆ ಕಿಲೋ ದೇಹತೂಕಕ್ಕೆ 12 ಮಿಲಿಗ್ರಾಂ ಲೈಸಿನ್ ಸಾಕೆಂದು ಅಂತರರಾಷ್ಟ್ರೀಯ ಸಮಿತಿಗಳು ಹೇಳುತ್ತಿದ್ದವು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯಲ್ಲಿ ಡಾ. ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರ ಮೇಲೆಯೇ ನಡೆಸಿದ ಸೂಕ್ಷ್ಮ ಪ್ರಯೋಗಗಳು, ಅಗತ್ಯ ಅದಕ್ಕಿಂತ ಬಹಳ ಹೆಚ್ಚು ಎಂದು ತೋರಿಸಿದವು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸಹ ಸಂಸ್ಥೆಗಳ 2007ರ ವರದಿಯಲ್ಲಿ ಆ ಅಂಕಿ 30 ಮಿಲಿಗ್ರಾಂಗೆ ಏರಿತು. ಧಾನ್ಯದ ಪ್ರೋಟೀನನ್ನೇ ನೆಚ್ಚಿಕೊಂಡ ಊಟ ಸಾಲದು ಎಂಬ ಮಾತಿಗೆ ಹೀಗೆ ನಮ್ಮ ಊರಿನಿಂದಲೇ ಪುರಾವೆ ಹೋಯಿತು.

ಲೈಸಿನ್ ಸಿಗುವುದು ಕಾಳುಗಳಲ್ಲಿ, ಹಾಲಿನಲ್ಲಿ, ಮೊಟ್ಟೆ, ಮೀನು, ಮಾಂಸಗಳಲ್ಲಿ. ಹಾಗಾಗಿ ಮುದ್ದೆಯ ಪಕ್ಕ ಹುರುಳಿಕಟ್ಟು, ಬಸ್ಸಾರು, ಅವರೆಕಾಳಿನ ಸಾರು ಇರಬೇಕು ಎಂಬುದು ರುಚಿಯ ಮಾತು ಮಾತ್ರವಲ್ಲ. ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನಿನ ಜೊತೆಗೆ 269 ಮಿಲಿಗ್ರಾಂ ಕ್ಯಾಲ್ಸಿಯಮ್ಮೂ ಇದೆ. ಎರಡನ್ನೂ ಒಟ್ಟಿಗೆ ಕೊಡುವ ಇಂಥ ಕಾಳು ಅಪರೂಪ. ಕುದುರೆಗೂ ಎತ್ತಿಗೂ ಹಾಕುವ ಕಾಳೆಂದು ಅದನ್ನು ಪಟ್ಟಣದ ಮನೆಗಳು ಹಿಂದೆ ತಳ್ಳಿದ್ದು ನಮ್ಮ ನಷ್ಟ.

ಹೆಬ್ಬಾಳದ ಪಾತ್ರ ಇಲ್ಲಿ ದೊಡ್ಡದು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ ಆರಂಭವಾದ ಪ್ರಯೋಗ ತೋಟ ಬೆಳೆದು ಕೃಷಿ ಶಾಲೆಯಾಯಿತು, ಕಾಲೇಜಾಯಿತು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ‘ರಾಗಿ’ ಲಕ್ಷ್ಮಣಯ್ಯನವರು ದುಡಿದದ್ದು ಮಂಡ್ಯದ ವಿ.ಸಿ. ಫಾರ್ಮಿನಲ್ಲಿ. ಬೆಂಕಿರೋಗವನ್ನು ತಡೆದುಕೊಳ್ಳುವ ಜಿಪಿಯು-28 ರಾಗಿ ಬಂದದ್ದು ಇಲ್ಲಿನ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದಿಂದ. ಅಷ್ಟೇ ಮಹತ್ವದ್ದು ಅವರೆಯ ಕೆಲಸ. ನಾಟಿ ಅವರೆ ಹಗಲು ಚಿಕ್ಕದಾಗುವ ಚಳಿಗಾಲದಲ್ಲಿ ಮಾತ್ರ ಹೂ ಬಿಡುತ್ತದೆ. ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುವ ತಳಿಗಳನ್ನು ಇಲ್ಲಿ ರೂಪಿಸಿ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂದು ಹೆಸರಿಟ್ಟರು. ಮಾಗಿಯ ಸೊಗಡು ಅವಕ್ಕೆ ಇಲ್ಲ ಎಂದು ನಾಲಿಗೆ ಪಳಗಿದವರು ದೂರಬಹುದು. ಆದರೆ ಒಣಗಿದ ಅವರೆಯ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಪ್ರೋಟೀನಿದೆ. ವರ್ಷವಿಡೀ ಮುದ್ದೆಯ ಪಕ್ಕಕ್ಕೆ ಕಾಳು ಸಿಗುವಂತೆ ಮಾಡಿದ್ದು ಸಣ್ಣ ಸಾಧನೆಯಲ್ಲ. ಹೀಗೆ ಮುದ್ದೆ, ಸಾರು ಎರಡಕ್ಕೂ ನಮ್ಮ ಈ ಭಾಗದ ವಿಜ್ಞಾನ ದುಡಿದಿದೆ.

ಕೊನೆಯ ಭಾಗಕ್ಕೆ ಬಂದೆವು: ತಟ್ಟೆಯ ಲೆಕ್ಕ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್ 2020ರಲ್ಲಿ ಕೊಟ್ಟ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಕಿಲೋ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್, ಒಟ್ಟು 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ವಯಸ್ಸಾದವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಒಳ್ಳೆಯದು ಎಂಬುದು ವೃದ್ಧಾಪ್ಯ ತಜ್ಞರ ಸಮಿತಿಗಳ ಸಲಹೆ. 50 ಕಿಲೋ ತೂಕದ, ಅರವತ್ತೈದು ದಾಟಿದ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳೋಣ. ಅವರಿಗೆ ಕನಿಷ್ಠ 50 ಗ್ರಾಂ ಪ್ರೋಟೀನ್ ಬೇಕು.

ಬೆಳಗ್ಗೆ ಎರಡು ಮೂರು ಇಡ್ಲಿ. ಮಧ್ಯಾಹ್ನ 100 ಗ್ರಾಂ ಅಕ್ಕಿಯ ಅನ್ನ, 20 ಗ್ರಾಂ ತೊಗರಿಬೇಳೆಯ ತಿಳಿಸಾರು. ರಾತ್ರಿ 100 ಗ್ರಾಂ ಹಿಟ್ಟಿನ ಮುದ್ದೆ, ಅದೇ ಸಾರು. ಕಾಫಿ, ಮಜ್ಜಿಗೆ ಎಲ್ಲ ಸೇರಿ 200 ಮಿಲಿಲೀಟರ್ ಹಾಲು. ಕೂಡಿದರೆ ಪ್ರೋಟೀನ್ ಸುಮಾರು 32 ಗ್ರಾಂ, ಕ್ಯಾಲ್ಸಿಯಂ ಸುಮಾರು 650 ಮಿಲಿಗ್ರಾಂ. ಹೊಟ್ಟೆ ತುಂಬಿದೆ, ಮೂಳೆಗೆ ಎರಡೂ ಸಾಲಲಿಲ್ಲ. ರಾತ್ರಿಯ ಮುದ್ದೆ ಬಿಟ್ಟು ಅನ್ನವನ್ನೇ ಉಂಡರೆ ಪ್ರೋಟೀನ್ ಅಷ್ಟೇ ಇರುತ್ತದೆ. ಕ್ಯಾಲ್ಸಿಯಂ ಮಾತ್ರ 300ರ ಕೆಳಗೆ ಬೀಳುತ್ತದೆ.

ಇದೇ ಊಟಕ್ಕೆ 50 ಗ್ರಾಂ ಹುರುಳಿ ಮತ್ತು ಒಂದು ದೊಡ್ಡ ಬಟ್ಟಲು, ಅಂದರೆ 250 ಮಿಲಿಲೀಟರ್ ಹಾಲಿನ ಮೊಸರು ಸೇರಿಸಿ. ಪ್ರೋಟೀನ್ 50 ಗ್ರಾಂ ಮುಟ್ಟುತ್ತದೆ, ಕ್ಯಾಲ್ಸಿಯಂ 1,000 ದಾಟುತ್ತದೆ. ಮುಟ್ಟು ನಿಂತ ಹೆಂಗಸರಿಗೆ ಇನ್ನಷ್ಟು ಕ್ಯಾಲ್ಸಿಯಂ ಇದ್ದರೆ ಲೇಸು. ದಂಟಿನ ಸೊಪ್ಪು, ನುಗ್ಗೆಸೊಪ್ಪುಗಳಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಸಿಗುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಿಂದ 6 ಗ್ರಾಂ ಪ್ರೋಟೀನ್ ಬರುತ್ತದೆ. ಕಾಳು ಯಶವಂತಪುರದ ಎಪಿಎಂಸಿ ಯಾರ್ಡಿನ ಮಳಿಗೆಗಳಲ್ಲಿದೆ. ಹಾಲು, ಮೊಸರು ಯಲಹಂಕದ ಮದರ್ ಡೇರಿಯಿಂದ ದಿನಾ ಬೆಳಗ್ಗೆ ಬೂತಿಗೆ ಬರುತ್ತದೆ. ದೂರದಿಂದ ತರಿಸುವ ಯಾವ ಡಬ್ಬಿಯೂ ಇದಕ್ಕೆ ಬೇಡ.

ಸಸ್ಯಾಹಾರಿಗಳಿಗೆ ಒಂದು ಮಾತು. ಬ್ರಿಟನ್ನಿನಲ್ಲಿ ಸುಮಾರು 55,000 ಮಂದಿಯನ್ನು ಹಿಂಬಾಲಿಸಿದ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನ 2020ರಲ್ಲಿ ಹೇಳಿದಂತೆ, ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳಲ್ಲಿ ಸೊಂಟದ ಮೂಳೆ ಮುರಿತ ಸುಮಾರು ಕಾಲುಭಾಗ ಹೆಚ್ಚು. ಹಾಲನ್ನೂ ಬಿಟ್ಟ ವೀಗನ್‌ಗಳಲ್ಲಿ ಎರಡು ಪಟ್ಟಿಗೂ ಮಿಕ್ಕು. ತೆಳ್ಳಗಿನ ಮೈ, ಕಡಿಮೆ ಕ್ಯಾಲ್ಸಿಯಂ, ಕಡಿಮೆ ಪ್ರೋಟೀನ್ ಇದಕ್ಕೆ ಭಾಗಶಃ ಕಾರಣ. ಸಸ್ಯಾಹಾರ ತಪ್ಪೆಂದು ಇದರ ಅರ್ಥವಲ್ಲ. ಸಸ್ಯಾಹಾರಿಯ ಸಾರು ತೆಳ್ಳಗಿರಬಾರದು, ಮೊಸರಿನ ಬಟ್ಟಲು ಬರಿದಾಗಬಾರದು ಎಂದಷ್ಟೇ ಅರ್ಥ.

ಊಟದ ಸುತ್ತಲಿನ ಮೂರು ಸಂಗತಿಗಳನ್ನು ಚುಟುಕಾಗಿ ಮುಗಿಸುತ್ತೇನೆ. ಒಂದು, ಉಪ್ಪು. ಸುಮಾರು 6 ಗ್ರಾಂ ಉಪ್ಪು ಮೂತ್ರದ ಮೂಲಕ ಹತ್ತಿರಹತ್ತಿರ 40 ಮಿಲಿಗ್ರಾಂ ಕ್ಯಾಲ್ಸಿಯಂ ಅನ್ನು ಹೊರಗೆ ಎಳೆಯುತ್ತದೆ. ಪ್ರೋಟೀನಿಗೆ ಕರುಳಿನ ಕಡೆಯಿಂದ ಪ್ರತಿಫಲವಿದೆ; ಉಪ್ಪಿಗೆ ಅದಿಲ್ಲ. ಬೇಳೆಗೆ ಹೆದರುವವರು ಉಪ್ಪಿನಕಾಯಿ, ಹಪ್ಪಳಕ್ಕೆ ಹೆದರಿದರೆ ಒಳಿತು. ಎರಡು, ಬಿಸಿಲು. ಡಿ ಜೀವಸತ್ವವಿಲ್ಲದೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಲಾರದು. ಅದನ್ನು ಚರ್ಮದಲ್ಲಿ ಹುಟ್ಟಿಸುವ ಕಿರಣ ಕಿಟಕಿಯ ಗಾಜನ್ನು ದಾಟಿ ಬರುವುದಿಲ್ಲ. ಅಪಾರ್ಟ್‌ಮೆಂಟಿನ ಒಳಗೇ ದಿನ ಕಳೆಯುವ ಹಿರಿಯರು ಹೊರಗೆ ಬರಲೇಬೇಕು. ಮೂರು, ನಡಿಗೆ ಮತ್ತು ಭಾರದ ಕೆಲಸ. ತಿಂದ ಪ್ರೋಟೀನ್ ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಕೆಲಸ ಬೇಕು.

ಎಚ್ಚರಿಕೆಯ ಮಾತೂ ಇದೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಪ್ರೋಟೀನಿನ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಡಯಾಲಿಸಿಸ್‌ಗೆ ಮೊದಲಿನ ಲೆಕ್ಕ ಬೇರೆ, ಆಮೇಲಿನದು ಬೇರೆ. ಮೂತ್ರಪಿಂಡದ ಕಲ್ಲು ಬಂದವರು ಹಾಲು ಮೊಸರು ಬಿಟ್ಟುಬಿಡುತ್ತಾರೆ. ಊಟದ ಕ್ಯಾಲ್ಸಿಯಂ ಬಿಡುವುದರಿಂದ ಸಾಮಾನ್ಯ ಬಗೆಯ ಕಲ್ಲಿನ ಅಪಾಯ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಅವರು ಕಡಿಮೆ ಮಾಡಬೇಕಾದದ್ದು ಉಪ್ಪನ್ನು ಮತ್ತು ಅತಿಯಾದ ಮಾಂಸವನ್ನು. ಇನ್ನು ಆರೋಗ್ಯವಂತ ಯುವಕರು ಪುಡಿ ಕುಡಿದರೆ ಕೇಡಾಗುತ್ತದೆ ಎಂದು ನಾನು ಹೇಳುವುದಿಲ್ಲ. ಹಾಲಿನಿಂದಲೇ ತೆಗೆದ ಆ ಪುಡಿಗೆ ತೆರುವ ಬೆಲೆಗೆ ಎಷ್ಟು ಹಾಲು, ಎಷ್ಟು ಕಾಳು ಬರುತ್ತದೆ ಎಂದು ಲೆಕ್ಕ ಹಾಕಲಿ, ಅಷ್ಟು ಸಾಕು.

ಸಾರ್ವಜನಿಕವಾಗಿ ನಾವು ಕೆಲವು ಒಳ್ಳೆಯ ಹೆಜ್ಜೆ ಇಟ್ಟಿದ್ದೇವೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆ ಶಾಲೆ, ಅಂಗನವಾಡಿಗಳ ಮಕ್ಕಳಿಗೆ ತಲಾ 150 ಮಿಲಿಲೀಟರ್ ಹಾಲು ತಲುಪಿಸುತ್ತಿದೆ. ಬಿಸಿಯೂಟದಲ್ಲಿ ಮೊಟ್ಟೆ ಬಂತು. 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟ್ ಸೇರಿತು. ಪ್ರೋಟೀನೂ ಕ್ಯಾಲ್ಸಿಯಮ್ಮೂ ಒಂದೇ ಲೋಟದಲ್ಲಿ ಸೇರುವ ಈ ಏರ್ಪಾಡು ಮೂಳೆ ಬೆಳೆಯುವ ವಯಸ್ಸಿಗೆ ಸರಿಯಾಗಿ ಹೊಂದುತ್ತದೆ. ಬದುಕಿನ ಗರಿಷ್ಠ ಮೂಳೆಯ ಬಹುಪಾಲು ಇಪ್ಪತ್ತು ದಾಟುವ ಹೊತ್ತಿಗೆ ಕಟ್ಟಿ ಮುಗಿದಿರುತ್ತದೆ. ಮಕ್ಕಳಿಗೆ ಇಷ್ಟು ಯೋಚಿಸಿದ ನಾವು ಆ ಮಕ್ಕಳ ಅಜ್ಜಿಯರ ಬಗ್ಗೆ ಇನ್ನೂ ಯೋಚಿಸಿಲ್ಲ. ಮೂಳೆ ತಪಾಸಣೆಯ ಶಿಬಿರಗಳು ಬಡಾವಣೆ ಬಡಾವಣೆಯಲ್ಲಿ ನಡೆಯುತ್ತವೆ. ಸಾಂದ್ರತೆಯ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ನಿನ್ನೆ ಏನು ಉಂಡಿರಿ ಎಂದು ಕೇಳುವವರು ವಿರಳ.

ಹಾಗಾಗಿ ಈ ಸಭೆಯ ಮುಂದೆ ಎರಡು ಕೋರಿಕೆ ಇಡುತ್ತೇನೆ. ನಮ್ಮ ಸಂಘಸಂಸ್ಥೆಗಳು ಮೂಳೆ ತಪಾಸಣೆಯ ಶಿಬಿರ ನಡೆಸಿದಾಗ ಯಂತ್ರದ ಪಕ್ಕ ಪೋಷಣ ತಜ್ಞರೊಬ್ಬರನ್ನೂ ಕೂರಿಸಲಿ. ಅಲ್ಲಿ ಹಂಚುವ ಮಾತ್ರೆಯ ಜೊತೆ ಒಂದು ಪಾವು ಹುರುಳಿಯನ್ನೂ ಹಂಚಲಿ. ಎರಡನೆಯದು ಮನೆಗಳಿಗೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸರ ಪಾಲಿಗೆ ನಮ್ಮಲ್ಲಿ ತಿಳಿ ಮಾತ್ರ ಉಳಿಯುತ್ತದೆ. ಇಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ತಾಯಿಯ, ಅತ್ತೆಯ, ಹೆಂಡತಿಯ ತಟ್ಟೆಯನ್ನು ಗಮನಿಸಿ. ಸೌಟನ್ನು ಪಾತ್ರೆಯ ತಳಕ್ಕೆ ಇಳಿಸಿ, ಕಾಳನ್ನು ಮೊದಲು ಅವರಿಗೆ ಬಡಿಸಿ. ಮೂಳೆ ಮುರಿದ ಮೇಲೆ ಮಾಡುವ ಖರ್ಚಿಗಿಂತ ಇದು ಬಹಳ ಅಗ್ಗ, ಪರಿಣಾಮವೂ ಹೆಚ್ಚು.